ಫಾರಿನ್ ದವನಕ್ಕೆ ಬಂದ ಪಾಳಿ

ಬಾಣಸಿಗ ಎಲೆಯನ್ನು ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದ. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿಬಿಟ್ಟ. ಮಳೆಗಾಲವಿಡೀ ನಾವು ಹೆಂಗಸರು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಗಿಡದ ಎಲೆ ಅದು. ಗಿಡ ಎದೆಮಟ್ಟ ಬೆಳೆದು, ಏನೂ ಆಗಿಲ್ಲವೆಂಬಂತೆ ಗಾಳಿಗೆ ತೂಗಾಡುತ್ತಿತ್ತು.

“ಇದು ಅಲ್ರಿ ಅಕ್ಕಾರ. ಇದು ಬರೇ ಹುಲ್ಲ.”

“ಬೀಜದ ಪಾಕೀಟಿನ ಮ್ಯಾಲ ಇದ ಹೆಸರ ಇತ್ತಲ್ಲೋ ತಮ್ಮಾ?”

“ಹೆಸರ ಇದ ಇರತೈತ್ರಿ, ಜಾತಿ ಬ್ಯಾರೆ. ಖರೆ ಟ್ಯಾರಗನ್ ಬೀಜಾನ ಕಟ್ಟೂದಿಲ್ಲ ಅಂತ ನಮ್ಮ ಹೊಟೇಲದಾಗಿನ ದೊಡ್ಡ ಶೆಫ್ ಈಗ ಹೇಳಿದ್ರು. ಬಾಳಿಗಿಡ ಇದ್ದಂಗ. ಬೇರು ಒಡದು ಹಚ್ಚಬೇಕು, ಇಲ್ಲಾ ಟೊಂಗಿ ಕಡದು ಹಚ್ಚಬೇಕು.”

“ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?”

“ನಾ ಅಡಗಿ ಮಾಡಾಂವ್ರಿ ಅಕ್ಕಾರ, ಬಿತ್ತಾಂವಲ್ಲ,” ಎಂದು ಅವನು ಬಾಯಿ ಮುಕ್ಕಳಿಸಿದ.

ಹುಡುಗ ಮಮದಾಪುರದವನು, ಗೋವಾದ ಸಮುದ್ರದಂಡೆಯ ಒಂದು ಹೊಟೇಲಿನಲ್ಲಿ ಅಡುಗೆಗಿದ್ದ. ರಜೆಗೆ ಊರಿಗೆ ಬಂದಾಗ ನಮ್ಮ ಖಾಲಿ ಚಪ್ಪರ ನೋಡಿ, “ಟ್ಯಾರಗನ್ ಹಚ್ರಿ, ಫಾರಿನ್ ಅಡಗಿಗೆ ಹಾಕೂ ಸೊಪ್ಪು, ನಮ್ಮ ಹೊಟೇಲಿಗೆ ತಾಜಾ ಸಿಗವಲ್ದು” ಎಂದು ಆಸೆ ಹುಟ್ಟಿಸಿದವನು ಅವನೇ. ಅವನ ಮೇಲೆ ಸಿಟ್ಟು ಬಂದರೂ ಬೈಯುವ ಹಾಗಿರಲಿಲ್ಲ. ನಮಗೆ ಬೇರೆ ದಾರಿಯೇ ಇರಲಿಲ್ಲ.

ನಮ್ಮ ಸಸಿಮನೆ ತುಕ್ಕಾನಟ್ಟಿಯಿಂದ ಸ್ವಲ್ಪ ಆಚೆ, ರಸ್ತೆಗೆ ಹತ್ತಿಕೊಂಡೇ ಇತ್ತು. ಭೂಮಿ ಗೋಕಾಕದ ಒಬ್ಬ ಸಾವಕಾರರದು. ಹಿಂದೆ ನಮ್ಮ ಮಾವ ಅದನ್ನು ಪಾಲಿಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಅಲ್ಲಿ ಹಸಿರು ನೆಟ್ಟಿನ ಚಪ್ಪರ ಹಾಕಿಸಿ ಕಬ್ಬಿನ ಸಸಿ ಮಾಡುತ್ತಿದ್ದೆವು. ಕಬ್ಬಿನ ಒಂದೊಂದೇ ಕಣ್ಣು ಕತ್ತರಿಸಿ, ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಊರಿ, ಎಬ್ಬಿಸಿ ರೈತರಿಗೆ ಕೊಡುವ ಕೆಲಸ. ಗಂಡಂದಿರಿಬ್ಬರೂ ಕಬ್ಬಿನ ಟ್ರ್ಯಾಕ್ಟರ್ ಮೇಲೆ ಊರೂರು ತಿರುಗುವವರು. ಊರಿನ ಕೆಲವು ಹೆಂಗಸರು ನಮ್ಮ ಜೊತೆಗಿದ್ದರು. ಬಿಸಿಲಲ್ಲಿ ಬೆನ್ನು ಬಗ್ಗಿಸಿ ಕಬ್ಬು ಕಡಿದು ಬಂದವರು ಅವರು. ನೆರಳಲ್ಲಿ ಕೂತು, ಮಾತಾಡುತ್ತ, ಕೈಗೆ ಗರಿ ಕುಯ್ಯದೆ ದುಡಿಯುವುದು ಎಂಥ ಸುಖ ಎನ್ನುವುದು ಅವರನ್ನು ಕೇಳಬೇಕು. ಆಮೇಲೆ ಸಕ್ಕರೆ ಕಾರ್ಖಾನೆಗಳ ಕಡೆಯಿಂದಲೇ ಸಸಿ ಹಂಚಲು ಶುರುವಾಯಿತು. ನಮ್ಮ ಟ್ರೇಗಳು ಖಾಲಿ ಬಿದ್ದವು.

ಸಾವಕಾರರು ಕೆಟ್ಟವರಲ್ಲ. ಜೈನರು, ಅಡತಿ ವ್ಯಾಪಾರ, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ಟ್ಯಾರಗನ್ ಬೀಜವನ್ನು ದೂರದೂರಿಂದ ತರಿಸಿಕೊಟ್ಟವರೇ ಅವರು. ಬಾಣಸಿಗ ಉಗುಳಿದ ಸುದ್ದಿ ಕೇಳಿ ಅವರು ಗಾಡಿಯಿಂದ ಇಳಿಯದೆಯೇ ಹೇಳಿದರು.

“ತಂಗಿ, ನಾ ಅವಸರಾ ಮಾಡಂಗಿಲ್ಲ. ಈಗ ಬರೂ ಯುಗಾದಿ ಬಿಟ್ಟು ಅದರ ಮುಂದಿನ ಯುಗಾದಿತನಕ ನೋಡೂಣು. ಅಷ್ಟರಾಗ ಖರೆ ಗಿಡಾ ಎಬ್ಬಿಸಿ, ಚಪ್ಪರ ತುಂಬಿಸಿ ತೋರಸ್ರಿ. ಇಲ್ಲಂದ್ರ ನೆಟ್ ತಗದು ಕಬ್ಬ ಹಚ್ಚೂದ. ಮನ್ಯಾಗ ಮಕ್ಕಳು ಮಾತ ಕೇಳವಲ್ರು.”

“ಆತ್ರಿ ಸಾವಕಾರ್ರ,” ಎಂದೆ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ನನ್ನ ಹುಲ್ಲುಕಡ್ಡಿಯನ್ನು ಆಗತಾನೇ ಒಬ್ಬ ಉಗುಳಿದ್ದ.

ಖರೆ ಗಿಡ ಬಂದಿದ್ದು ಸಂಕ್ರಾಂತಿ ಆದ ಮೇಲೆ. ಬಾಣಸಿಗ ನೀಲಗಿರಿ ಕಡೆಯ ಒಬ್ಬ ನರ್ಸರಿಯವನನ್ನು ಹುಡುಕಿ, ಅವನಿಂದ ನಾಲ್ಕಾರು ತಾಯಿಗಿಡ ತರಿಸಿ, ಬೂಟಿನ ಪೆಟ್ಟಿಗೆಯಲ್ಲಿ ಒದ್ದೆ ಕಾಗದ ಸುತ್ತಿ ಬಸ್ಸಿನಲ್ಲಿ ಕಳಿಸಿದ್ದ. ನೋಡಿದರೆ ಜೀವ ಹಾರಿಹೋಗುವ ಹಾಗಿದ್ದವು. ಸಣ್ಣ, ಉದ್ದನೆ, ನುಣುಪು ಎಲೆ. ದವನದ ಎಲೆಯಂತೆ ಬೂದಿ ಬಣ್ಣವಿಲ್ಲ, ಕೊರೆದ ಅಂಚಿಲ್ಲ. ಆದರೆ ದವನದ ಕುಲವೇ ಇದು ಎಂದು ಬಾಣಸಿಗ ಹೇಳಿದ್ದಕ್ಕೆ ನಮ್ಮ ಹೆಂಗಸರು ಅಂದೇ ಹೆಸರಿಟ್ಟರು: ಫಾರಿನ್ ದವನ.

ನಾನು ಒಂದೇ ಒಂದು ಎಲೆ ಹರಿದು ಬಾಯಿಗಿಟ್ಟೆ. ಮೊದಲು ಊಟದ ಮೇಲೆ ಅಗಿಯುವ ಬಡೇಸೋಪಿನ ಸಿಹಿ, ಆಮೇಲೆ ಸಣ್ಣ ಖಾರ, ಆಮೇಲೆ ನಾಲಿಗೆಯ ತುದಿ ಜುಮ್ಮೆಂದು ಮರಗಟ್ಟಿತು. ಖರೆ ಗಿಡದ ಗುರುತೇ ಅದು. ನೆಗೆಣ್ಣಿಯೂ ಅಗಿದು ಕಣ್ಣರಳಿಸಿದಳು. “ಅಕ್ಕಲಕರಿ ತಿಂದಂಗ ಆತಲ್ಲ ಬೇ!” ಎಂದಳು. ಮಕ್ಕಳಿಗೆ ಮಾತು ಬರಲೆಂದು ನಾಲಿಗೆಗೆ ತೇಯ್ದು ಹಚ್ಚುವ ಆ ಬೇರು ನಮ್ಮ ಎಲ್ಲರ ಮನೆಯಲ್ಲೂ ಇರುತ್ತದೆ.

ಇನ್ನು ಕೆಲಸ. ಮೆತ್ತನೆಯ ತುದಿಯನ್ನು ಬೆರಳುದ್ದ ಕತ್ತರಿಸಬೇಕು, ಗಿಣ್ಣಿನ ಸ್ವಲ್ಪ ಕೆಳಗೆ. ಕೆಳಗಿನ ಎಲೆ ಬಿಡಿಸಬೇಕು, ಮೇಲಿನ ಒಂದೆರಡು ಬಿಡಬೇಕು. ಅಷ್ಟು ಮಾಡಿ ನಮಗೆ ಗೊತ್ತಿದ್ದ ವಿದ್ಯೆಯನ್ನೇ ಮಾಡಿದೆವು. ಕಬ್ಬಿನ ಕಣ್ಣು ಊರಿದ ಮೇಲೆ ಟ್ರೇಗಳನ್ನು ಒಂದರ ಮೇಲೊಂದು ಒಟ್ಟಿ, ಪ್ಲಾಸ್ಟಿಕ್ ಹೊದಿಸಿ ಕಾವು ಕೊಡುತ್ತೇವೆ. ಕಾವಿಗೆ ಕಣ್ಣು ಒಡೆಯುತ್ತದೆ. ಇದಕ್ಕೂ ಹಾಗೇ ಹೊದಿಸಿದೆವು. ತೆಗೆದು ನೋಡಿದರೆ ಟ್ರೇಗಳಿಂದ ಬೆಂದ ಪಲ್ಯದ ವಾಸನೆ. ತುಂಡುಗಳು ಕಪ್ಪಗೆ ಮಲಗಿದ್ದವು, ಒಂದೂ ಉಳಿಯಲಿಲ್ಲ. ತಾಯಿಗಿಡಗಳು ಬೋಳಾಗಿ ನಿಂತಿದ್ದವು. ಅವತ್ತು ನಾವು ಯಾರೂ ಬುತ್ತಿ ಬಿಚ್ಚಲಿಲ್ಲ.

ನೀಲಗಿರಿಯವನಿಗೆ ಫೋನು ಹಚ್ಚಿದೆ. ವಯಸ್ಸಾದ ದನಿ, ಆ ಕಡೆಯ ಕನ್ನಡ. “ಇದು ಒಣ ಬೆಟ್ಟದ ಗಿಡ ಕಣಮ್ಮ. ಇದಕ್ಕೆ ಕಾಲು ಒದ್ದೆ ಆಗಬಾರದು. ಮರಳು ಜಾಸ್ತಿ ಹಾಕಿ, ಗಾಳಿ ಆಡಬೇಕು,” ಎಂದ.

ತಾಯಿಗಿಡ ಚಿಗುರುವ ತನಕ ಕಾದೆವು. ನಾರಿನ ಪುಡಿ ಕಡಿಮೆ ಮಾಡಿ ಹೊಳೆಮರಳು ಬೆರೆಸಿದೆವು. ಹೊದಿಕೆ ಇಲ್ಲ. ಔಷಧಿ ಹೊಡೆಯುವ ಪಂಪಿನಿಂದ ಮಂಜು ಬಿದ್ದ ಹಾಗೆ ನೀರು, ಅದೂ ಎಲೆಗೆ ಮಾತ್ರ. ಅರ್ಧಕ್ಕರ್ಧ ಬೇರು ಬಿಟ್ಟವು. ಅವುಗಳಿಂದ ಮತ್ತೆ ತುದಿ ಕತ್ತರಿಸಿದೆವು. ನಮ್ಮದು ಎರೆಭೂಮಿ, ಒಮ್ಮೆ ನೀರು ಕುಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಹಾಗಾಗಿ ನನ್ನ ತವರು ಹುಕ್ಕೇರಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ನೀರು ನಿಲ್ಲದ ಗರಸು ಮಣ್ಣು ತರಿಸಿ ಎತ್ತರದ ಏರಿಮಡಿ ಕಟ್ಟಿದೆವು. ಗಂಡನ ಮನೆಗೆ ತವರಿನ ಮಣ್ಣು ಹೊತ್ತು ತಂದವಳು ಈ ಭಾಗದಲ್ಲಿ ನಾನೊಬ್ಬಳೇ ಇರಬೇಕು. ಬೇಸಿಗೆಯಲ್ಲಿ ನೆಟ್ಟಿನ ಮೇಲೆ ಇನ್ನೊಂದು ನೆಟ್, ಸುತ್ತ ಒದ್ದೆ ಗೋಣಿತಟ್ಟು. ಮಳೆಗಾಲದಲ್ಲಿ ಮೇಲೆ ಪ್ಲಾಸ್ಟಿಕ್, ಬದಿ ಬಯಲು. ದಿನಾ ಒಂದಿಷ್ಟು ಸಾಯುತ್ತಿದ್ದವು, ದಿನಾ ಒಂದಿಷ್ಟು ನೆಡುತ್ತಿದ್ದೆವು.

ಇದೆಲ್ಲವನ್ನೂ ಬೇಲಿಯ ಆಚೆಯಿಂದ ನೋಡುತ್ತಿದ್ದವನು ಬಾಜೂ ಹೊಲದ ಕಾಕಾ. ಮಾವನ ಓರಗೆಯವನು. ಮುಂಜಾನೆ ತನ್ನ ಹೊಲಕ್ಕೆ ಹೋಗುವ ಮೊದಲು ನಮ್ಮ ಚಪ್ಪರದೆದುರು ನಿಂತು ಒಂದು ಮಾತು ಒಗೆಯದಿದ್ದರೆ ಅವನಿಗೆ ದಿನ ಶುರುವಾಗುತ್ತಿರಲಿಲ್ಲ.

“ಏನ ಬೇ, ನಿಮ್ಮ ಫಾರಿನ್ ದವನಕ್ಕ ಇವತ್ತ ಯಾವ ಬ್ಯಾನಿ?”

“ನಿಮ್ಮ ದೃಷ್ಟಿ ತಾಗೇದ ನೋಡ್ರಿ ಕಾಕಾ.”

ಕಾಕಾನಿಗೆ ಹಿಂದಿನ ದವಡೆ ಹಲ್ಲು ನೋಯುತ್ತಿತ್ತು. ಕೀಳಿಸಿಕೊಳ್ಳಲು ಹೆದರಿಕೆ. ಒಂದು ದಿನ ಚೇಷ್ಟೆಗೆಂದು ನಾನು ಒಂದು ಎಲೆ ಕೊಟ್ಟೆ. ಹಲ್ಲಿನ ಸಂದಿಗೆ ಇಟ್ಟುಕೊಂಡವನು ಸ್ವಲ್ಪ ಹೊತ್ತು ಸುಮ್ಮನೆ ನಿಂತ. “ನೋವು ಎಲ್ಲಿ ಹೋತವ್ವಾ?” ಎಂದು ಕೆನ್ನೆ ಹಿಡಿದುಕೊಂಡು ಕೇಳಿದ. ಅಂದಿನಿಂದ ದಿನಾ ಒಂದು ಎಲೆ ಅವನ ಪಾಲು. ಬದಲಿಗೆ ಬೇಡ ಬೇಡವೆಂದರೂ ಬದನೆಕಾಯಿ, ಹಸಿ ಕಡಲೆ, ಒಮ್ಮೊಮ್ಮೆ ಸುಮ್ಮನೆ ಒಂದು ಹಿಡಿ ಹೂವು ಇಟ್ಟು ಹೋಗುತ್ತಿದ್ದ.

ಅವನಿಗೂ ನಮಗೂ ಇದ್ದ ನಂಟು ನೀರಿನದು. ನಮ್ಮಲ್ಲಿ ಕಾಲುವೆ ನೀರು ಪಾಳಿಯ ಮೇಲೆ ಬರುತ್ತದೆ. ಇವತ್ತು ನಿನ್ನದು, ನಾಳೆ ನನ್ನದು. ಪಾಳಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ನೀರಿಗಾಗಿ ಸಲಿಕೆ ಎತ್ತಿ ತಲೆ ಒಡೆದುಕೊಂಡವರೂ ಇದ್ದಾರೆ. ಆದರೆ ಹಳೆಯವರಲ್ಲಿ ಇನ್ನೊಂದು ರೂಢಿ ಇದೆ. ಬಾಜೂ ಹೊಲದವನ ಬೆಳೆ ಜೀವ ಬಿಡುತ್ತಿದೆ ಅನ್ನಿಸಿದರೆ, ಅವನು ಕೇಳುವ ಮೊದಲೇ ತನ್ನ ಪಾಳಿಯ ನೀರನ್ನು ಅವನ ಹೊಲಕ್ಕೆ ತಿರುಗಿಸಿಬಿಡುವುದು. ಕೇಳಿಸಿಕೊಂಡು ಕೊಟ್ಟರೆ ಅದು ದಾನ, ಕೇಳದೆ ಕೊಟ್ಟರೆ ಬಳಗ. ಕೊಟ್ಟವನು ಹೇಳಬಾರದು, ಪಡೆದವನು ಎತ್ತಿ ಆಡಬಾರದು. ಒಂದು ವರ್ಷ ಕಾಕಾನ ಉಳ್ಳಾಗಡ್ಡಿ ಒಣಗುವಾಗ ನಮ್ಮ ಮಾವ ಹಾಗೆ ನೀರು ತಿರುಗಿಸಿದ್ದರಂತೆ. ಮಾವ ಸಾಯುವ ತನಕ ಅದನ್ನು ಬಾಯಿ ಬಿಡಲಿಲ್ಲ. ಕಾಕಾ ಮಾತ್ರ ರೂಢಿ ಮುರಿದು ನನ್ನೆದುರು ಆಗಾಗ ಅನ್ನುತ್ತಿದ್ದ: “ನಿಮ್ಮ ಮಾವನ ನೀರ ನನ್ನ ಮೈಮ್ಯಾಲ ಐತವ್ವಾ.”

ಸೀಗಿ ಹುಣ್ಣಿಮೆಯ ಹೊತ್ತಿಗೆ ಚಪ್ಪರ ತುಂಬಿತು. ಖರೇನೇ ತುಂಬಿತು. ಏರಿಮಡಿಗಳ ಮೇಲೆ ಕೈಯಾಡಿಸಿದರೆ ಬಡೇಸೋಪಿನ ಗಮ. ಸೊಪ್ಪನ್ನು ಬಿಸಿಲೇರುವ ಮೊದಲು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಗೋವಾ ಬಸ್ಸಿಗೆ ಹಾಕುತ್ತಿದ್ದೆವು. ಹಿಚುಕಿದರೆ ಎಲೆ ಕಪ್ಪಾಗುತ್ತದೆ, ಕಟ್ಟು ಬಿಗಿದರೆ ಬಿಸಿಯಾಗುತ್ತದೆ. ಒಣಗಿಸಿದರಂತೂ ಗಮವೆಲ್ಲ ಹಾರಿ ಒಣಹುಲ್ಲು ಉಳಿಯುತ್ತದೆ.

ಬಾಣಸಿಗ ಫೋನಿನಲ್ಲಿ ಕುಣಿದಾಡಿದ. “ಅಕ್ಕಾರ, ನಾಲಿಗಿ ಜುಮ್ ಅಂತ್ರಿ! ದೊಡ್ಡ ಶೆಫ್ ಕೈ ಮುಗದ್ರು!”

“ಅದನ್ನ ಏನ ಮಾಡ್ತೀರೋ ಅಲ್ಲಿ?”

“ತತ್ತಿಯೊಳಗಿನ ಹಳದಿ, ಬೆಣ್ಣಿ, ಸಿರ್ಕಾ ಕೂಡಿಸಿ ಒಂದು ಸಾಸ್ ಮಾಡತೇವ್ರಿ. ಇಳಿಸೂ ಮುಂದ ಈ ಎಲಿ ಹೆಚ್ಚಿ ಹಾಕೂದು. ಮೊದಲ ಹಾಕಿ ಕುದಿಸಿದ್ರ ಸತ್ತ ಹೋಕ್ಕೈತಿ. ಕೋಳಿಗೂ ನಡಿತೈತಿ, ಮೀನಿಗೂ ನಡಿತೈತಿ.”

ತತ್ತಿ, ಕೋಳಿ, ಮೀನು ಎಂದು ಕೇಳಿ ನಮ್ಮ ಲಿಂಗ ಕಟ್ಟಿದ ನೆಗೆಣ್ಣಿ ಮುಖ ಕಿವುಚಿದಳು. ಆದರೂ ಕೈ ಸುಮ್ಮನಿರಬೇಕಲ್ಲ. ಕಡಲೆಹಿಟ್ಟಿನ ಜುಣಕದಲ್ಲಿ ಹಾಕಿ ನೋಡಿದಳು, ಯಾರಿಗೂ ಸೇರಲಿಲ್ಲ. ಮಜ್ಜಿಗೆಯಲ್ಲಿ ಉಪ್ಪಿನ ಜೊತೆ ಜಜ್ಜಿ ಹಾಕಿದಳು. ಅದು ಮಾತ್ರ ಎಷ್ಟು ಚಲೋ ಆಯಿತೆಂದರೆ ಮಧ್ಯಾಹ್ನದ ಬುತ್ತಿಗೆ ದಿನಾ ಅದೇ ಬೇಕಾಯಿತು. ಆ ಕೆಲವು ವಾರಗಳು ನಾವು ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ. ಸಾವಕಾರರೂ ಬಂದು ಚಪ್ಪರದೊಳಗೆ ಅಡ್ಡಾಡಿ “ಛಾನ್, ಛಾನ್” ಎಂದು ಹೋದರು.

ದೀಪಾವಳಿ ದಾಟಿ ಚಳಿ ಬಿತ್ತು. ಗಿಡ ಮಂಕಾಯಿತು. ಮೊದಲು ಕೆಳಗಿನ ಎಲೆ ಹಳದಿ, ಆಮೇಲೆ ಕಾಂಡ ಕಂದು. ಹೊಸ ತುದಿ ಬರುವುದು ನಿಂತಿತು. ನೀಲಗಿರಿಯವನಿಗೆ ಫೋನು ಹಚ್ಚಿದರೆ ಅವನು ನಕ್ಕ.

“ಸತ್ತಿಲ್ಲ ಕಣಮ್ಮ, ಮಲಗೈತೆ. ಚಳೀಲಿ ಮೇಲೆಲ್ಲ ಒಣಗುತ್ತೆ, ಬೇರು ನಿದ್ದೆ ಮಾಡ್ತದೆ. ಬಿಸಿಲು ಏರಿದ ಮೇಲೆ ತಾನೇ ಏಳುತ್ತೆ, ಒಂದಕ್ಕೆ ನಾಲ್ಕಾಗಿ. ಅಲ್ಲೀ ತನಕ ನೀರು ಮಾತ್ರ ಹಾಕಬೇಡಿ. ಮಲಗಿರೋ ಬೇರಿಗೆ ನೀರು ಕುಡಿಯೋ ಶಕ್ತಿ ಇರಲ್ಲ, ಕೊಳೆತು ಹೋಗುತ್ತೆ.”

ಆದರೆ ಗೋವಾದಲ್ಲಿ ಅದೇ ಹೊತ್ತಿಗೆ ಸುಗ್ಗಿ. ಕ್ರಿಸ್‌ಮಸ್ಸು, ಹೊಸ ವರ್ಷ, ಹೊಟೇಲುಗಳು ತುಂಬಿ ತುಳುಕುತ್ತವೆ. ಬಾಣಸಿಗ ದಿನಾ ಫೋನು. ರಾತ್ರಿಯಿಡೀ ಬಲ್ಬು ಹಚ್ಚಿ ಬೆಳಕು ಕೊಟ್ಟು, ನೀರು ಗೊಬ್ಬರ ಕೊಟ್ಟರೆ ಗಿಡ ನಿದ್ದೆಗೆ ಬೀಳುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ಸಾವಕಾರರಿಗೂ ಅದೇ ಸರಿ ಕಂಡಿತು. “ಬಲ್ಬು ನಾ ಕೊಡತೇನಿ ತಂಗಿ. ಕೈಯಾಗ ಬಂದ ಗಿರಾಕಿ ಬಿಡಬಾರದು,” ಎಂದರು.

ನಾನು ಎರಡು ದಿನ ಏರಿಮಡಿಗಳ ನಡುವೆ ಅಡ್ಡಾಡಿದೆ. ಒಂದು ಕಡ್ಡಿಯ ಬುಡ ಕೆದರಿ ನೋಡಿದೆ. ಮೇಲೆ ಒಣಗಿತ್ತು, ಒಳಗೆ ಬೇರು ಬೆಳ್ಳಗೆ, ಗಟ್ಟಿಯಾಗಿ, ಅಲ್ಲಲ್ಲಿ ಸಣ್ಣ ಮೊಗ್ಗು ಕಟ್ಟಿಕೊಂಡು ಮಲಗಿತ್ತು. ಅದನ್ನು ಎಬ್ಬಿಸಿ ದುಡಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಈ ಸಲ ಹಿಂಡಿದರೆ ಬೇರಿನಲ್ಲಿದ್ದ ಕಸುವೂ ಹೋಗುತ್ತದೆ, ಯುಗಾದಿಗೆ ತೋರಿಸಲು ಏನೂ ಇರುವುದಿಲ್ಲ ಅನ್ನಿಸಿತು.

“ಬ್ಯಾಡ್ರಿ ಸಾವಕಾರ್ರ. ಮಲಗಲಿ. ಯುಗಾದಿಗೆ ಎದ್ದು ತೋರಸತೈತಿ,” ಎಂದೆ.

ಅವರು ಗಾಡಿ ಹತ್ತಿ ಹೋದರು. ನಾನು ಹನಿ ನೀರಿನ ವಾಲ್ವು ಬಂದ್ ಮಾಡಿ, ಬುಡಕ್ಕೆ ಕಬ್ಬಿನ ಒಣ ರವದಿ ತೆಳ್ಳಗೆ ಹರಡಿಸಿ, ಹೆಂಗಸರಿಗೆಲ್ಲ ತಾಕೀತು ಮಾಡಿದೆ. ಆ ನಿರ್ಧಾರ ಸರಿಯಾಗಿತ್ತು. ಇವತ್ತಿಗೂ ನನ್ನನ್ನು ತಿನ್ನುವುದು ಅದೇ. ತಪ್ಪಾಗಿದ್ದರೆ ನನ್ನನ್ನು ನಾನೇ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಎಳ್ಳ ಅಮಾವಾಸ್ಯೆಯ ಮುನ್ನಾ ದಿನ ಹುಕ್ಕೇರಿಯಿಂದ ಅಣ್ಣನ ಫೋನು ಬಂತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ನಾನು ಹೊರಟೆ. ನೆಗೆಣ್ಣಿ ಹಬ್ಬಕ್ಕೆಂದು ತನ್ನ ತವರು ನಾಗನೂರಿಗೆ ಹೋದಳು. ಉಳಿದ ಹೆಂಗಸರಿಗೆ ರಜೆ. ಮಲಗಿದ ಗಿಡಕ್ಕೆ ಕಾವಲು ಯಾಕೆ ಬೇಕು? ನೀರು ಬಂದ್ ಇತ್ತು, ದನ ನುಗ್ಗದಂತೆ ಬೇಲಿ ಇತ್ತು.

ಅವ್ವನ ಸೊಂಟ ಮುರಿದಿರಲಿಲ್ಲ, ಬರೀ ಪೆಟ್ಟಾಗಿತ್ತು. ಆದರೂ ವಾರದ ಮೇಲಾಯಿತು ನಾನು ತಿರುಗಿ ಬರುವಾಗ. ಬಸ್ಸಿಳಿದು ಮನೆಗೂ ಹೋಗದೆ ನೇರ ಚಪ್ಪರಕ್ಕೆ ನಡೆದೆ. ದೂರದಿಂದಲೇ ಏರಿಮಡಿಗಳ ಬಣ್ಣ ಕಪ್ಪಗೆ ಕಂಡಿತು. ನೆರಳಿರಬೇಕು ಅಂದುಕೊಂಡೆ. ಒಳಗೆ ಕಾಲಿಟ್ಟರೆ ಕಾಲು ಹೂತಿತು. ಮಡಿಗಳ ನಡುವಿನ ಸಾಲುಗಳಲ್ಲಿ ನೀರು ಇಂಗದೆ ಹಸಿರುಗಟ್ಟಿ ನಿಂತಿತ್ತು. ಕೆಳಗಿನ ಎರೆಭೂಮಿ ಕುಡಿಯುವಷ್ಟು ಕುಡಿದು, ಉಳಿದದ್ದನ್ನು ಮೇಲಿನ ಗರಸಿಗೆ ಕಾರಿತ್ತು.

ಬ್ಯಾಗನ್ನು ಅಲ್ಲೇ ಒಗೆದು ಕೈಯಿಂದಲೇ ಕೆದರಿದೆ. ಬೇರು ಕುದಿಸಿದ ಶಾವಿಗೆಯ ಹಾಗೆ ಬೆರಳಿಗೆ ಅಂಟಿಕೊಂಡು ಬಂತು. ಹಿಚುಕಿದರೆ ಸಿಪ್ಪೆ ಕೈಯಲ್ಲಿ, ಒಳಗೆ ಏನೂ ಇಲ್ಲ. ಬಡೇಸೋಪಿನ ಗಮದ ಜಾಗದಲ್ಲಿ ಗಟಾರದ ನಾತ. ಪಕ್ಕದ್ದು ಕೆದರಿದೆ, ಅದೂ ಹಾಗೇ. ತಾಯಿಗಿಡಗಳನ್ನು ಮೂಲೆಯ ಎತ್ತರದ ಮಡಿಯಲ್ಲಿಟ್ಟಿದ್ದೆ. ಅವೂ ಹೋಗಿದ್ದವು. ನಾನು ಆ ಕೆಸರಿನಲ್ಲೇ ಕೂತು ಬಾಯಿ ಬಿಟ್ಟು ಅತ್ತೆ.

ಮೊದಲು ಸಂಶಯ ಬಂದದ್ದು ಸಾವಕಾರರ ಆಳಿನ ಮೇಲೆ. ಆಮೇಲೆ ನೆಗೆಣ್ಣಿಯ ಮೇಲೆ. ಫೋನಿನಲ್ಲಿ ಬಾಯಿಗೆ ಬಂದದ್ದು ಅಂದೆ. ಅವಳು ಅಳುತ್ತಲೇ ನಾಗನೂರಿನಿಂದ ಓಡಿ ಬಂದಳು. ಕಾಲುವೆಗೆ ನೀರು ಬಿಡುವ ಮನುಷ್ಯ ಸೈಕಲ್ ಮೋಟರಿನ ಮೇಲೆ ಹೊರಟಿದ್ದ. ನಾನು ರಸ್ತೆಗೇ ಅಡ್ಡ ನಿಂತೆ.

“ನಮ್ಮ ಚಪ್ಪರಕ್ಕ ನೀರ ಬಿಟ್ಟಾಂವ ಯಾಂವ?”

ಅವನು ನನ್ನ ಅವತಾರ ನೋಡಿ ಕಕ್ಕಾಬಿಕ್ಕಿಯಾದ. “ನಿಮಗ ಗೊತ್ತಿಲ್ಲೇನ್ರಿ? ಬಾಜೂ ಮುದುಕಪ್ಪ ತನ್ನ ಪಾಳಿ ನಿಮ್ಮ ಕಡೆ ತಿರಿವಿದಾ. ಅಮಾಸಿ ದಿನಾ. ಚರಗಾ ಚೆಲ್ಲಾಕ ಬಂದಾಂವ ನಿಮ್ಮ ಗಿಡಾ ನೋಡಿ ಮರಮರಾ ಮರಗಿದಾ. ಭೂಮಿತಾಯಿ ಬಸರಿ ಇರೂ ದಿನಾ, ಇವತ್ತ ಬಾಯಿ ಒಣಗಿಸಿ ಬಿಡಬಾರದು ಅಂದ. ನಾ ಹೇಳೇನಿ ಅಂತ ಅನಬ್ಯಾಡ್ರಿ ಮತ್ತ, ಬೈತಾನ ನನಗ.”

ಗಿಡ ಸತ್ತಿಲ್ಲ, ಮಲಗಿದೆ ಎಂದು ಕಾಕಾನಿಗೆ ನಾವು ಯಾರೂ ಹೇಳಿರಲಿಲ್ಲ. ಎಳ್ಳ ಅಮಾವಾಸ್ಯೆ ನಮ್ಮಲ್ಲಿ ಭೂಮಿಯ ಸೀಮಂತ. ಬಸುರಿಗೆ ಬಯಕೆ ತೀರಿಸಿದ ಹಾಗೆ ಹೊಲಕ್ಕೆ ಹೋಗಿ ಸಜ್ಜೆರೊಟ್ಟಿ, ಕಡುಬು, ಭಜ್ಜಿಯ ಚರಗ ಚೆಲ್ಲುತ್ತೇವೆ. ಆ ದಿನ ಒಣಗಿ ನಿಂತ ಹೊಲ ನೋಡಿ ಸುಮ್ಮನೆ ದಾಟಿ ಹೋಗುವ ಜಾತಿಯವನಲ್ಲ ಕಾಕಾ.

ಆದರೂ ಸಿಟ್ಟು ಇಳಿಯಲಿಲ್ಲ. ಯಾರು ಕೇಳಿದ್ದರು ನಿನ್ನನ್ನು? ಕೇಳದೆ ಕೊಡುವ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ. ಹೀಗೆಲ್ಲ ಅಂದುಬಿಡಬೇಕೆಂದು ಬೇಲಿ ದಾಟಿ ಅವನ ಹೊಲಕ್ಕೆ ನುಗ್ಗಿದೆ. ನಾಲ್ಕು ಹೆಜ್ಜೆಗೆ ನಿಂತೆ.

ಕಾಕಾನ ಗೋಧಿ ತೆನೆಯಲ್ಲಿ ಹಾಲು ಕಟ್ಟುವ ಹೊತ್ತು ಅದು. ಆ ಹೊತ್ತಿನಲ್ಲಿ ಒಂದು ನೀರು ತಪ್ಪಿದರೆ ಗೋಧಿ ಉಳಿಯುವುದಿಲ್ಲ ಎನ್ನುವುದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಹೊಲದ ತುಂಬ ತೆನೆಗಳು ಬೆಳ್ಳಗಾಗಿ ನೆಟ್ಟಗೆ ನಿಂತಿದ್ದವು. ಕಾಳು ತುಂಬಿದ ತೆನೆ ಬಾಗುತ್ತದೆ, ಜೊಳ್ಳು ಬಾಗುವುದಿಲ್ಲ. ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿದೆ, ಬರೀ ಹೊಟ್ಟು. ದೂರದಲ್ಲಿ ಕಾಕಾ ನನಗೆ ಬೆನ್ನು ಮಾಡಿ ಬದುವಿನ ಹುಲ್ಲು ಕೊಯ್ಯುತ್ತಿದ್ದ. ನಾನು ಸದ್ದಿಲ್ಲದೆ ತಿರುಗಿ ಬಂದೆ.

ಆಮೇಲೆ ಮಾಡಿದ್ದೆಲ್ಲ ಸತ್ತವರ ಬಾಯಿಗೆ ನೀರು ಬಿಟ್ಟ ಹಾಗೆ. ಸಾಲಿನ ನೀರು ಹೊರಹಾಕಿದೆವು. ಬೇರುಗಳನ್ನೆಲ್ಲ ಕಿತ್ತು, ತೊಳೆದು, ಕಂದಾದದ್ದನ್ನು ಬ್ಲೇಡಿನಿಂದ ಕೊರೆದು ಬೆಳ್ಳಗಿನದು ಸಿಗುತ್ತದೋ ಎಂದು ಹುಡುಕಿದೆವು. ಹೆಂಗಸರು ಗುಂಪಾಗಿ ಕೂತು, ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಆರಿಸಿದರು. ಕೊನೆಗೆ ಒಂದು ಬಟ್ಟಲು ಕೂಡ ತುಂಬಲಿಲ್ಲ. ಅವನ್ನು ತಾಮ್ರದ ಔಷಧಿಯಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಊರಿದೆವು. ಇಲ್ಲಿ ಇಡಲು ನನಗೆ ಧೈರ್ಯ ಸಾಲದೆ, ಕುಂಡಗಳನ್ನು ಬಸ್ಸಿನಲ್ಲಿ ಹುಕ್ಕೇರಿಗೆ ಒಯ್ದೆ. ಅವ್ವ ಹಾಸಿಗೆಯಲ್ಲೇ ಇದ್ದು ಕಾಯ್ದಳು, ಯಾರೂ ಹತ್ತಿರ ಹೋಗದ ಹಾಗೆ.

ನೀಲಗಿರಿಯವನಿಗೆ ಇನ್ನಷ್ಟು ತಾಯಿಗಿಡ ಕೇಳಿದೆ. ಅಲ್ಲೂ ಅದು ಮಲಗಿತ್ತು. ಎದ್ದು, ಬೆಳೆದು, ಕೊಡುವಷ್ಟಾಗಲು ಮಳೆಗಾಲ ಬರಬೇಕು ಎಂದ. ಬಾಣಸಿಗನ ಹೊಟೇಲು ಅ‌ಷ್ಟರಲ್ಲಿ ಸೊಪ್ಪನ್ನು ಪರದೇಶದಿಂದಲೇ ತರಿಸಿಕೊಳ್ಳತೊಡಗಿತ್ತು. “ನನ್ನ ಕೈಯಾಗ ಏನೂ ಇಲ್ರಿ ಅಕ್ಕಾರ,” ಎಂದ. ಅವನು ಅತ್ತದ್ದು ನನಗೆ ಫೋನಿನಲ್ಲಿ ಕೇಳಿಸಿತು.

ಬಿಸಿಲೇರಿತು. ಶಿವರಾತ್ರಿಯ ಹೊತ್ತಿಗೆ ಏಳಬೇಕಾಗಿತ್ತು, ಏಳಲಿಲ್ಲ. ಹೋಳಿಗೂ ಏಳಲಿಲ್ಲ. ಹುಕ್ಕೇರಿಗೆ ಹೋಗಿ ಕುಂಡ ಬೋರಲು ಹಾಕಿದೆ. ಮರಳಿನೊಳಗೆ ಒಣ ನಾರು ಬಿಟ್ಟರೆ ಏನೂ ಇರಲಿಲ್ಲ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

ಯುಗಾದಿಯ ಮರುದಿನ ಸಾವಕಾರರು ಆಳುಗಳನ್ನು ಕಳಿಸಲಿಲ್ಲ. “ನೀವ ತಗೀರಿ ತಂಗಿ, ನೆಟ್ ನಿಮ್ಮದ ಐತಿ. ಅವಸರಾ ಇಲ್ಲ,” ಎಂದರು. ಅದು ಅವರ ಒಳ್ಳೆಯತನ. ಹೆಂಗಸರಲ್ಲಿ ಕೆಲವರು ಆಗಲೇ ಅರಿಷಿಣ ಕುದಿಸುವ ಕೂಲಿಗೆ ಹೋಗಿದ್ದರು. ನಾನೂ ನೆಗೆಣ್ಣಿಯೂ ಕಂಬಕ್ಕೆ ಕಟ್ಟಿದ್ದ ತಂತಿ ಬಿಚ್ಚುತ್ತಿದ್ದೆವು. ನೆಟ್ ಒಂದೊಂದೇ ಪಟ್ಟಿ ಇಳಿದ ಹಾಗೆ ಬಿಸಿಲು ಏರಿಮಡಿಗಳ ಮೇಲೆ ಬೀಳುತ್ತಿತ್ತು. ಅಷ್ಟು ವರ್ಷ ಆ ನೆಲ ಬಿಸಿಲನ್ನೇ ಕಂಡಿರಲಿಲ್ಲ.

ಕಾಕಾ ಬೇಲಿ ದಾಟಿ ಬಂದ. ಅಮಾವಾಸ್ಯೆಯ ನಂತರ ಅವನು ನಮ್ಮ ಕಡೆ ಸುಳಿದಿರಲಿಲ್ಲ. ದವಡೆ ಊದಿತ್ತು. ನೆಟ್ಟಿನ ಒಂದು ತುದಿ ಹಿಡಿದು ಸುತ್ತತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಅವನ ಕೈ ನಿಂತಿತು.

“ಯವ್ವಾ, ನಂದ ತಪ್ಪಾತು.”

ಆ ನೀರಿಗೇ ಗಿಡ ಕೊಳೆಯಿತೆಂದು ಯಾರೋ ಅವನಿಗೆ ಹೇಳಿಬಿಟ್ಟಿದ್ದಾರೆ ಅಂದುಕೊಂಡೆ. ನೆಗೆಣ್ಣಿ ತಂತಿ ಬಿಚ್ಚುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

“ಹೇಳಬಾರದು, ಖರೆ. ಆದ್ರ ಹೊಟ್ಟ್ಯಾಗ ಇಟಗೊಳ್ಳಾಕ ಆಗವಲ್ದು. ಅಮಾಸಿ ದಿನಾ ನನ್ನ ಪಾಳಿ ನಿಮ್ಮ ಗಿಡಕ್ಕ ತಿರಿವಿದ್ನಿ. ಹದಿನೈದು ದಿನಾ ಮೊದಲ ನೋಡಿದ್ನಿ ಬೇ, ಒಣಗಾಕತ್ತಾವು ಅಂತ ಗೊತ್ತಾಗಿತ್ತು. ನನ್ನ ಗೋಧಿಗೆ ಒಂದು ನೀರ ಆಗಲಿ, ಮುಂದಿನ ಪಾಳಿಗೆ ಕೊಟ್ರ ನಡೀತೈತಿ ಅಂತ ಆಸೆ ಮಾಡಿದ್ನಿ. ಆಗ ಕೊಟ್ಟಿದ್ರ ಜೀವಾ ಹಿಡೀತಿದ್ದುವು. ನಿಮ್ಮ ಮಾವ ಒಂದ ದಿನಾನೂ ಹಂಗ ತಡಾ ಮಾಡಿದ್ದಿಲ್ಲ.”

ಅವನ ಕಣ್ಣಲ್ಲಿ ನೀರು ಬಂದಿತ್ತು. ಅವನ ಬೆನ್ನ ಹಿಂದೆ, ಬೇಲಿಯಾಚೆ, ಗೋಧಿ ಕೊಯ್ಯದೆ ದನ ಬಿಟ್ಟು ಮೇಯಿಸಿದ ಹೊಲ ಕಾಣುತ್ತಿತ್ತು.

“ನೀವು ತಡಾ ಮಾಡಲಿಲ್ರಿ ಕಾಕಾ,” ಎಂದೆ.

“ಖರೇನ?”

“ಖರೇರಿ. ತಡಾ ಏನೂ ಆಗಿದ್ದಿಲ್ಲ.”

“ಮತ್ತ ಯಾಕ ಏಳಲಿಲ್ಲವ್ವಾ ಅವು?”

ನೆಗೆಣ್ಣಿ ತಲೆ ತಗ್ಗಿಸಿದಳು.

“ಫಾರಿನ್ ಗಿಡಾ ಅಲ್ರೀ ಕಾಕಾ,” ಎಂದೆ. “ನಮ್ಮ ನೀರು ಅದಕ್ಕ ಗೊತ್ತಾಗಲಿಲ್ಲ.”

ಕಾಕಾ ಖಾಲಿ ಏರಿಮಡಿಗಳನ್ನು ನೋಡುತ್ತ ನಿಂತ. ಊದಿದ ಕೆನ್ನೆಯ ಮೇಲೆ ಅಂಗೈ ಒತ್ತಿಕೊಂಡ.

“ಪಾಪ,” ಎಂದ, ಗಿಡಗಳಿಗೆ.

ಆಮೇಲೆ ನೆಟ್ಟಿನ ತುದಿ ಎತ್ತಿಕೊಂಡ. ನಾನು ಇನ್ನೊಂದು ತುದಿ ಹಿಡಿದೆ.